ಒಗರು

ಲಸ್ರಾದೊ ಪೊರ್ಬುಗಳ ಬಾವಿ ಹದಿನೆಂಟು ಕೋಲು.
ಹತ್ತು ಕೋಲು ಇಳಿದರೆ ಮುರಕಲ್ಲಿನ ಗೋಡೆಯಲ್ಲಿ
ಗೂಡುಗಳುಂಟು. ಪಾರಿವಾಳಕ್ಕಲ್ಲ.
ನನ್ನ ಅಪ್ಪ ಐತ, ಸೊಂಟಕ್ಕೆ ಹಗ್ಗ ಬಿಗಿದು
ಉಳಿಯಲ್ಲಿ ಕೆತ್ತಿದ್ದು. ಒಂದು ಗೂಡಿಗೆ ಒಂದೂವರೆ ದಿನ.

ಆ ಮನೆಯ ಅಜ್ಜ, ಪಾಸ್ಕು ಪೊರ್ಬು,
ಹಡಗಿನ ಕುಶಿನಿಗೆ ಸೇರಿ ಹೋದವರು
ಇಟಲಿಯಲ್ಲಿ ಕಾಲು ಮುರಿದುಕೊಂಡು ಉಳಿದರು
ಎರಡು ಚಳಿಗಾಲ, ಗುಡ್ಡದ ಮೇಲೆ, ದ್ರಾಕ್ಷಿಯ ಮನೆತನವೊಂದರಲ್ಲಿ.
ಅಲ್ಲಿ ಮಗು ಹುಟ್ಟಿದ ವರ್ಷ ಕೆಂಪು ವೈನು ಮುಚ್ಚಿಟ್ಟು
ಮಗುವಿಗೆ ಮೀಸೆ ಬಂದ ಮೇಲೆ ತೆರೆಯುತ್ತಾರಂತೆ.
ಬರುವಾಗ ತಂದದ್ದು ಒಂದು ಊರೆಗೋಲು,
ಒದ್ದೆ ಗೋಣಿಯಲ್ಲಿ ಬಳ್ಳಿಯ ಮೂರು ತುಂಡು.

ಬಳ್ಳಿ ಕುಲಶೇಖರದಲ್ಲಿ ಚಿಗುರಿತು. ಎಲೆ ಬಂತು, ಅಂಗೈಯಗಲ.
ಹಣ್ಣು ಬರಲಿಲ್ಲ. ಈಗಲೂ ಬಂದಿಲ್ಲ.
ಆ ಎಲೆಯಲ್ಲಿ ಬಂಗುಡೆ ಸುತ್ತಿ ಸುಡುತ್ತಾರೆ.
ಹಣ್ಣು ಫೆಬ್ರವರಿಯಲ್ಲಿ ವಿಜಯಪುರದ ಲಾರಿಯಲ್ಲಿ ಬರುತ್ತದೆ,
ಮನೆಯವರೆಲ್ಲ ಕಾಲು ತೊಳೆದು ಹಲಸಿನ ತೊಟ್ಟಿಯಲ್ಲಿ ತುಳಿದು
ಸಿಪ್ಪೆ ಬೀಜ ಸಮೇತ ನಲವತ್ತು ದಿನ ಭರಣಿಗೆ.
ಕ್ರಿಸ್ಮಸ್ಸಿಗೆ ಎಲ್ಲರ ಮನೆಯಲ್ಲೂ ಆಗುವ ಸಿಹಿ ವೈನಲ್ಲ ಅದು.
ಸಕ್ಕರೆ ಹಾಕಿದ ಸೊಸೆಯೊಬ್ಬಳ ಜೊತೆ
ಅಜ್ಜ ಒಂದು ವಾರ ಮಾತಾಡಲಿಲ್ಲವಂತೆ.
ಹೊಸತು ಬಾಯಿಗಿಟ್ಟರೆ ಎಳೆ ಗೇರುಹಣ್ಣು ಕಚ್ಚಿದ ಹಾಗಂತೆ,
ಒಗರು, ಮಾರಾಯ್ರೇ, ಗಂಟಲು ಹಿಡಿಯುವ ಒಗರು.
ಅದಿದ್ದರೆ ಬಾಳುತ್ತದೆ, ಸಿಹಿ ಬೇಗ ಸಾಯುತ್ತದೆ ಎನ್ನುತ್ತಿದ್ದರು.

ಆದರೆ ಈ ಊರಿನಲ್ಲಿ ಯಾವುದು ನಿಧಾನ ಹಳತಾಗುತ್ತದೆ ಹೇಳಿ.
ಮೊಳೆಗೆ ಒಂದು ಆಟಿ ಸಾಕು.
ಮದುವೆಯ ಫೋಟೋಗೆ ಎರಡನೇ ವರ್ಷವೇ ಬೂಷ್ಟು.
ಸೆಕೆಯಲ್ಲಿಟ್ಟ ವೈನು ಹುಳಿಯಾಗಿ
ಹಂದಿಮಾಂಸದ ಪದಾರ್ಥಕ್ಕೆ ಸೇರುತ್ತದೆ.
ನೆಲದಡಿಯ ಆ ಚಳಿ ಕೋಣೆ ಇಲ್ಲಿ ಎಲ್ಲಿಂದ ತರುವುದು?
ಅಪ್ಪ ಬಾವಿಯ ಕೆಸರು ತೆಗೆದು ಮೇಲೆ ಬಂದು
ನಡುಗುತ್ತ ನಿಂತಿದ್ದ, ಏಪ್ರಿಲ್ ತಿಂಗಳಲ್ಲಿ.
ಪಾಸ್ಕು ಪೊರ್ಬು ಅವನ ಬೆನ್ನು ಮುಟ್ಟಿ ನೋಡಿದರು.
ಅಷ್ಟೇ. ಮರುದಿನ ಉಳಿ ಬಂತು.

ಅಪ್ಪನ ನಂತರ ನಾನು, ದೂಮ. ನಲವತ್ತು ವರ್ಷ
ಇಳಿಸಿದ್ದೇನೆ, ಏರಿಸಿದ್ದೇನೆ, ಬಾಯಿಗೆ ಜೇನುಮೇಣ ಮೆತ್ತಿದ ಬಾಟಲಿ.
ಕುಡಿದಿಲ್ಲ. ಬಾವಿಗೆ ಇಳಿಯುವವನು ಕುಡಿಯಬಾರದು.
ಆದರೂ ಗೊತ್ತಾಗುತ್ತಿತ್ತು:
ಹದಿನೈದು ದಾಟಿದ್ದನ್ನು ಬ್ಯಾಟರಿ ಬೆಳಕಿಗೆ ಹಿಡಿದರೆ
ಕೆಂಪಿನ ಅಂಚಿಗೆ ಮುರಕಲ್ಲಿನ ಬಣ್ಣ.
ಗೋಡೆ ಹತ್ತಿತ್ತೋ ಏನೋ ಅದಕ್ಕೆ.

ಈ ವರ್ಷ ಪಕ್ಕದಲ್ಲಿ ಹದಿಮೂರು ಮಾಳಿಗೆ ಎದ್ದಿತು.
ಅದರ ಬೋರ್‌ವೆಲ್ಲು ಆರುನೂರು ಅಡಿ.
ಮಾರ್ಚಿನಲ್ಲೇ ನಮ್ಮ ಬಾವಿಯ ಕೆಸರು ಒಡೆದು ಹಪ್ಪಳವಾಯಿತು,
ಗೂಡಿನೊಳಗೆ ಕೈಯಿಟ್ಟರೆ ಬೆಚ್ಚಗೆ.
"ಎಲ್ಲ ತೆಗೆದುಬಿಡು ದೂಮ" ಎಂದರು ಜುಲಿಯಾನಮ್ಮ.
ಮೊಮ್ಮಗ ಫ್ರಿಜ್ಜು ತರಿಸಿದ್ದಾನೆ, ಗಾಜಿನ ಬಾಗಿಲಿನದು,
ಒಳಗೆ ನೀಲಿ ದೀಪ.

ಪಟ್ಟಿಯಲ್ಲಿ ನಲವತ್ತೊಂದು.
ಒಂದೊಂದೇ ಬುಟ್ಟಿಗೆ, ನಿದ್ದೆಯ ಕೂಸನ್ನು ಎತ್ತಿದ ಹಾಗೆ,
ಅಲುಗಿದರೆ ತಳದ ಗಷ್ಟು ಏಳುತ್ತದೆ.
ಸಂಜೆ ಮೇಲೆ ಬಂದೆ. ಮೊಣಕಾಲು ಹೇಳಿತು, ಇನ್ನು ಸಾಕು.
"ಹಾಗಾದರೆ ನೀನಿನ್ನು ಕುಡಿಯಬಹುದಲ್ಲ" ಎಂದು
ಅವರೇ ಒಂದರ ಬಿರಡೆ ತೆಗೆದರು.
ನನ್ನ ಮಗಳು ಹುಟ್ಟಿದ ವರ್ಷದ್ದು. ಸ್ಟೀಲಿನ ಲೋಟ.

ಒಗರು ಉಂಟು, ಇಲ್ಲ ಎನ್ನಲಾರೆ.
ಆದರೆ ಹಲ್ಲು ಬಿದ್ದ ಮುದಿ ನಾಯಿಯ ಹಾಗೆ
ಬಂದು ಕೈ ನೆಕ್ಕುತ್ತದೆ.
ಹಿಂದಿನಿಂದ ಮಣ್ಣು. ಹಸಿ ಹಗ್ಗ.
ಕತ್ತಲಿಗೆ ರುಚಿಯಿದ್ದರೆ, ಅದು.

ಜುಲಿಯಾನಮ್ಮ ಎಣಿಸಿದರು. ತೆರೆದದ್ದೂ ಸೇರಿ ನಲವತ್ತು.
ಬೆರಳು ತಾಗಿಸಿ ಮತ್ತೆ ಎಣಿಸಿದರು.
"ಪಟ್ಟಿ ತಪ್ಪಿರಬೇಕು" ಎಂದೆ.
ಅವರು ಬಾವಿಯ ಕಡೆ ನೋಡಿದರು,
ಒದ್ದೆಯಾಗದ ಹಗ್ಗದ ಕಡೆ, ನನ್ನ ಕಡೆ.
"ಇರಬೇಕು" ಎಂದರು.

ಅತಿ ಕೆಳಗಿನ ಗೂಡಿನಲ್ಲಿ, ಅಪ್ಪ ಮೊದಲು ಕೆತ್ತಿದ್ದರಲ್ಲಿ,
ಒರಟು, ಒಂದು ಬದಿ ಓರೆ,
ಮಳೆಗಾಲಕ್ಕೆ ನೀರು ಬಂದರೆ ಬರಲಿ.