ಹೊಟ್ಟೆಪಾಡು

ಮೊದಲ ಸಲ ಅವಳನ್ನು ಸ್ಟೈನ್‌ವೋರ್ ನೋಡಿದ್ದು
ಒಳಗಿನಿಂದ.

ಹುಣಸೆಬೀಜಕ್ಕಿಂತ ತುಸು ದೊಡ್ಡ ಕ್ಯಾಮೆರಾ,
ನುಂಗಿದವಳು ಹೆಸರಿಲ್ಲದ ಮೂವತ್ತೇಳನೆ ನಂಬರು,
ಎಂಟು ಗಂಟೆಯ ಕತ್ತಲ ಪಯಣದಲ್ಲಿ
ಸೆಕೆಂಡಿಗೆರಡು ಚಿತ್ರ.
ರೇಕ್ಯಾವಿಕ್‌ನಲ್ಲಿ ಮೂರಕ್ಕೇ ದೀಪ ಹಾಕುವ ಡಿಸೆಂಬರ್.
ಕಾಫಿ ಆರಿತ್ತು.

ಜಠರ, ತೊಳೆದು ಬೋರಲಿಟ್ಟ ಪಿಂಗಾಣಿ ಬಟ್ಟಲು.
ಇರಬೇಕಾದ್ದೇ.
ನೋವಿನ ಮಾತ್ರೆ ಹೊಟ್ಟೆ ಕೊರೆಯದಿರಲೆಂದು
ಡಾಕ್ಟರು ಜೊತೆಗಿನ್ನೊಂದು ಬರೆದಿದ್ದರು, ಆಮ್ಲ ತಗ್ಗಿಸಲು.
ಎಲ್ಲರೂ ಅಲ್ಲಿಯವರೆಗೆ ನೋಡಿ ಎದ್ದುಹೋಗುತ್ತಾರೆ.
ಸ್ಟೈನ್‌ವೋರ್ ಏಳುವವಳಲ್ಲ.
ಚಳಿಗೆ ಮುಂಚೆ ಬೆಟ್ಟದಿಂದ ಕುರಿ ಇಳಿಸುವಾಗ
ಎಣಿಕೆಗೆ ಒಂದು ಕಡಿಮೆ ಬಿದ್ದರೂ
ಅಪ್ಪ ಮತ್ತೆ ಹತ್ತಿಸುತ್ತಿದ್ದ ಹುಡುಗಿ.

ಮೂರನೆ ಗಂಟೆ. ಸಣ್ಣಕರುಳಿನ ತಿರುವು.
ಬೆಂಕಿಕಡ್ಡಿಯ ತಲೆಯಷ್ಟು ಕೆಂಪು.
ಮುಂದೆ ಮತ್ತೊಂದು. ಮತ್ತೆ
ನಾಲ್ಕು, ಒಟ್ಟಿಗೆ.
ಹದಿನೇಳಕ್ಕೆ ಪೆನ್ನು ಕೆಳಗಿಟ್ಟಳು.

ಉರಿ ಹಚ್ಚುವ ಕೈ, ಗೋಡೆಗೆ ಗಾರೆ ಮೆತ್ತುವ ಕೈ,
ಎರಡೂ ಒಂದೇ ಮನೆತನ.
ಮಾತ್ರೆಗೆ ಗುರುತು ಹತ್ತುವುದಿಲ್ಲ,
ಇಬ್ಬರನ್ನೂ ಕಟ್ಟಿಹಾಕುತ್ತದೆ.
ಇಷ್ಟು ಪಠ್ಯದಲ್ಲಿದೆ.
ಅವಳು ಕೇಳುತ್ತಿರುವುದು ಬೇರೆ:
ಮೇಲ್ಮನೆ ಕಾಯಲು ಇಟ್ಟ ಕಾವಲುಗಾರ
ಕೆಳಮನೆಯಲ್ಲಿ ತಲೆತಲಾಂತರ ಕೂತ
ಕಣ್ಣಿಗೆ ಕಾಣದ ಕೋಟಿ ಜೀವಿಗಳನ್ನು
ಒಕ್ಕಲೆಬ್ಬಿಸಿದನೇ?
ಅವರು ಹೋದ ಜಾಗಕ್ಕೆ ಬಂದವರು ಯಾರು?
ಹನ್ನೆರಡು ವರ್ಷದಿಂದ ಇದನ್ನೇ
ಇಲಿಗಳನ್ನು ಕೇಳುತ್ತಾಳೆ, ಹಣ ಕೊಡುವ ಸಮಿತಿಯನ್ನು ಕೇಳುತ್ತಾಳೆ.
ಇಲಿಗಳು ಬೇಗ ಉತ್ತರಿಸುತ್ತವೆ.

ಗಾಯ ಕಂಡರೆ ಫೋನು ಮಾಡಬೇಕೆಂಬ ನಿಯಮ.
ಮೂವತ್ತೇಳಕ್ಕೆ ಹೆಸರು ಬಂತು: ಬೊಝೆನಾ.
ಹುಟ್ಟಿದ್ದು ಪೋಲೆಂಡಿನಲ್ಲಿ, ಈಗ ಇಸಾಫ್ಯೋರ್ದುರ್,
ಮೀನಿನ ಕಾರ್ಖಾನೆ. ತಣ್ಣೀರಲ್ಲಿ ಕೈ, ಕೈಯಲ್ಲಿ ಚೂರಿ,
ಪಾಳಿಗೆ ಮುಂಚೆ ಒಂದು ಮಾತ್ರೆ, ಹತ್ತರ ಕಾಫಿಗೊಂದು,
ಬೆರಳು ಮಡಿಸಲಾಗದ ದಿನ ಲೆಕ್ಕವಿಲ್ಲ.

"ಹೊಟ್ಟೆಯಲ್ಲಿ ನೋವೇ ಇಲ್ಲವಲ್ಲ ಡಾಕ್ಟ್ರೆ."
"ಅದೇ. ಕೂಗಬೇಕಾದ ನೋವಿನ ಬಾಯನ್ನೂ
ಮಾತ್ರೆಯೇ ಮುಚ್ಚಿದೆ."
"ನಿಲ್ಲಿಸಿದರೆ ಬೆರಳು ನಿಲ್ಲುತ್ತದೆ.
ಬೆರಳು ನಿಂತರೆ..."
ಹಿಂದೆ ಮೀನು ಹೊತ್ತ ಪಟ್ಟಿ ಓಡುವ ಸದ್ದು.

ಹೊಸದೊಂದಿದೆ, ಅಂದುಬಿಟ್ಟಳು ಸ್ಟೈನ್‌ವೋರ್. ಅನ್ನಬಾರದಿತ್ತು.
ಹಳೇ ಮಾತ್ರೆಗೇ ಬಾಲ ಕಟ್ಟಿದ್ದೇವೆ,
ಕರಗುವಾಗ ಚೂರು ಅನಿಲ ಬಿಡುತ್ತದೆ,
ಕೊಳೆತ ಮೊಟ್ಟೆಯ ವಾಸನೆ,
ಇಲ್ಲಿನ ನಲ್ಲಿಯ ಬಿಸಿನೀರಿಗಿದೆಯಲ್ಲ, ಅದೇ.
ಇಲಿಗಳ ಕರುಳು ತಡೆದುಕೊಂಡಿದೆ.

ಬೊಝೆನಾ ನಕ್ಕಳು.
"ಮೀನಿನವಳು ನಾನು, ಮೂಗು ಮುಚ್ಚುವವಳಲ್ಲ. ಯಾವಾಗ?"
ಒಂಬತ್ತು ವರ್ಷ.
ಎಲ್ಲ ನೆಟ್ಟಗೆ ನಡೆದರೆ.
ಆ ಕಡೆ ಬೆರಳು ಮಡಿಸಿ ಎಣಿಸಿದಳೋ
ಮಡಿಸಲಾಗದೆ ಸುಮ್ಮನಾದಳೋ.

ರಾತ್ರಿ ಸ್ನಾನಕ್ಕೆ ನಿಂತರೆ ಗಂಧಕದ ನೀರು
ನೆತ್ತಿಯಿಂದ ಹಿಮ್ಮಡಿವರೆಗೆ.
ಪಿಪೆಟ್ ಒತ್ತಿ ಒತ್ತಿ ಹೆಬ್ಬೆರಳ ಬುಡ ಬಾತಿದೆ.
ಕನ್ನಡಿಯ ಹಿಂದಿನ ಗೂಡಲ್ಲಿ
ಅದೇ ಮಾತ್ರೆಯ ಹಾಳೆ, ಎರಡು ಗುಳಿ ಖಾಲಿ.
ಮೂರನೆಯದನ್ನೂ ಒಡೆದಳು.

ಮರುದಿನ ಚಿತ್ರವನ್ನು ಹಿಂದಕ್ಕೋಡಿಸಿದಳು,
ಯಾರೂ ನೋಡದ ಮೊಟ್ಟಮೊದಲ ಚೌಕಟ್ಟಿಗೆ.
ನುಂಗುವ ಮುಂಚೆ, ಇನ್ನೂ ಹೊರಗಿನ ಬೆಳಕಲ್ಲಿ,
ಗಂಟುಗಟ್ಟಿದ ಎರಡು ಬೆರಳು ಹಿಡಿದೆತ್ತಿವೆ.
ತುಟಿಯ ಮೇಲೆ ನೀರಿನ ಹನಿ,
ತುಸು ಅಂಜಿದ ಒಂದು ಕಣ್ಣು.
ಆಮೇಲೆ ಬಾಯಿ ತೆರೆಯುತ್ತದೆ.

ಹೊಟ್ಟೆಗೆ ಹಾಕಿಕೋ, ಬೊಝೆನಾ.