ಷರಾ

ಬಹುಮಹಡಿ ಕಟ್ಟಡ, ಏಳನೇ ಮಹಡಿ.
ಲಿಫ್ಟು ಕೆಟ್ಟು ಮೂರು ದಿನ.
ಬೆಳಗಿನಿಂದ ನಾನು ಬೆಂಗಳೂರಿನ ಹೆಸರುಗಳನ್ನು ತಿದ್ದುತ್ತಿದ್ದೇನೆ:
ಕಾಡುಗೊಂಡನಹಳ್ಳಿ, ಕೆ.ಜಿ. ಹಳ್ಳಿ, ಕೆಜಿಹಳ್ಳಿ,
ಒಬ್ಬ ಮಹಾಶಯ ಬರೆದಂತೆ ಕೇಜಿ ಹಳ್ಳಿ,
ತಕ್ಕಡಿಯಲ್ಲಿ ತೂಗಿ ಕೊಟ್ಟ ಹಾಗೆ.
ನಾಲ್ಕೂ ಒಂದೇ ಎಂದು ನನಗೆ ಗೊತ್ತು, ಯಂತ್ರಕ್ಕೆ ಗೊತ್ತಿಲ್ಲ;
ಅದರ ಲೆಕ್ಕಕ್ಕೆ ನಾಲ್ಕು ಊರು,
ಒಂದೊಂದರಲ್ಲೂ ಕಾಲುಪಾಲು ಜನ.

ಈ ಕೆಲಸ ನನಗಿಷ್ಟ, ಸುಳ್ಳು ಹೇಳುವುದಿಲ್ಲ.
ಲಗ್ಗೆರೆಯ ನಮ್ಮ ಬೀದಿಯಲ್ಲಿ ಪುರಿಭಟ್ಟಿಯ ದೊರೆಸ್ವಾಮಿ
ಎರಡು ಪಾವು ಇಟ್ಟುಕೊಂಡಿದ್ದ,
ಕೊಳ್ಳುವುದಕ್ಕೊಂದು, ಮಾರುವುದಕ್ಕೊಂದು.
ಅಳತೆ ಒಂದಾಗಬೇಕು ಎಂಬುದನ್ನು
ನಾನು ಕಾಲೇಜಿನಲ್ಲಿ ಕಲಿಯಲಿಲ್ಲ.

ಕುಟುಂಬವೆಂದರೇನು? ಕೈಪಿಡಿ ಹೇಳುತ್ತದೆ:
ಒಂದೇ ಒಲೆಯಲ್ಲಿ ಬೆಂದದ್ದನ್ನು ಉಣ್ಣುವವರು.
ಪೀಣ್ಯದ ಕಡತದಲ್ಲಿ ಹನ್ನೆರಡು ಹುಡುಗರು, ಒಂದು ಕೋಣೆ,
ಪಾಳಿಯ ಮೇಲೆ ನಿದ್ದೆ, ಊಟ ಕಾರ್ಖಾನೆಯಲ್ಲಿ.
ಒಲೆ ಇಲ್ಲ. ಹಾಗಾಗಿ, ಕುಟುಂಬ: ಸೊನ್ನೆ.

ಮಕ್ಕಳೆಷ್ಟು? ಗೊತ್ತಿಲ್ಲ ಎಂದವರಿಗೆ ಸಂಕೇತ ತೊಂಬತ್ತೊಂಬತ್ತು.
ಯಾರೋ ಪುಣ್ಯಾತ್ಮರು ಅದನ್ನೂ ಕೂಡಿಸಿ ಭಾಗಿಸಿದರು;
ಹೋದ ವರ್ಷದ ಕರಡಿನಲ್ಲಿ ಒಂದು ವಾರ್ಡಿನ
ತಾಯಿಗೆ ಸರಾಸರಿ ಹದಿನೇಳು ಮಕ್ಕಳು.
ಕರಿಬಸಪ್ಪ ಸಾಹೇಬರು ಕನ್ನಡಕ ಒರೆಸಿಕೊಂಡು ಮತ್ತೆ ಓದಿ
"ಈ ವಾರ್ಡಿಗೊಂದು ಜಿಲ್ಲೆಯೇ ಬೇಕಲ್ಲಮ್ಮ" ಎಂದರು.

ನಕ್ಕೆವು.
ಆಮೇಲೆ ಖಾಲಿ ಮನೆಗಳಿಗೆ ಬಂದೆವು.
(ಚೌಕಾಬಾರದಲ್ಲಿ ಹೇಗೋ ಹಾಗೆ, ಇಲ್ಲೂ ಮನೆ ಎನ್ನುತ್ತೇವೆ.)
ಖಾಲಿ ಮನೆ ಅಂದರೆ ಕೇಳಲಿಲ್ಲ, ಅಥವಾ ಹೇಳಲಿಲ್ಲ,
ಬೀಗ ಹಾಕಿತ್ತು, ನಾಯಿ ಬಿಟ್ಟರು,
ಗಂಡ ಬರಲಿ ಎಂದರು.
ಸೊನ್ನೆ ಅಂದರೆ ಸೊನ್ನೆ.
ಖಾಲಿಯನ್ನು ಸೊನ್ನೆ ಮಾಡಲು ಒಂದು ಬೆರಳು ಸಾಕು,
ಇಪ್ಪತ್ತೆರಡು ವರ್ಷದಿಂದ
ಆ ಬೆರಳನ್ನು ಮಡಚಿಟ್ಟುಕೊಂಡೇ ಕೂತಿದ್ದೇನೆ.

ಗುರಿ ಆರು. ನೀರು.
ಆವರಣದೊಳಗೆ ನಲ್ಲಿ ಇದೆಯೇ? ಇದ್ದರೆ ಒಂದು, ಇಲ್ಲದಿದ್ದರೆ ಎರಡು.
ಗುಲ್ಶನ್ ಎಂಬ ಗಣತಿದಾರಳು ಒಂದು ಎಂದು ಬರೆದು
ಪಕ್ಕದ ಷರಾ ಅಂಕಣದಲ್ಲಿ, ಗೆರೆ ದಾಟಿ, ಹಾಳೆಯ ಅಂಚಿನವರೆಗೆ:
ನಲ್ಲಿ ಇದೆ. ನೀರು ಮಂಗಳವಾರ ರಾತ್ರಿ ಎರಡಕ್ಕೆ.
ಅಕ್ಕ ಎದ್ದಿರುತ್ತಾಳೆ. ಹಗಲು ಗಾರ್ಮೆಂಟಿನಲ್ಲಿ ತೂಕಡಿಕೆ,
ಬೆರಳಿಗೆ ಸೂಜಿ ಹೊಕ್ಕಿದೆ.
ಇದನ್ನು ಯಾವ ಪ್ರಶ್ನೆಗೆ ಬರೆಯಲಿ ಮೇಡಂ?

ಹೊಸ ನಮೂನೆಯಲ್ಲಿ ಷರಾ ಇಲ್ಲ.
ಹಾಕಿದರೆ ಕಡತ ಕೆಂಪಾಗಿ ವಾಪಸ್ಸು ಉಗುಳುತ್ತದೆ.
ನಾನು ಒಂದನ್ನು ಒಂದಾಗಿಯೇ ಬಿಟ್ಟೆ.
ತಪ್ಪಲ್ಲ. ನಲ್ಲಿ ಇದೆ.
ಷರಾಗಳನ್ನಷ್ಟೇ ಬಳಿದು ಬೇರೆ ಕಡತಕ್ಕೆ ಸುರಿದು
"ಅಳಿಸಬೇಡಿ" ಎಂದು ಹೆಸರಿಟ್ಟೆ.
ಅದಕ್ಕೆ ಸಂಕೇತವಿಲ್ಲ, ಏಕಮಾನವಿಲ್ಲ, ಅಕಾರಾದಿಯೂ ಇಲ್ಲ.
ಊಟದ ಹೊತ್ತಿಗೆ ತೆರೆದು ಓದುತ್ತೇನೆ, ಚಿತ್ರಾನ್ನ ಆರುತ್ತದೆ.

ಮುಂದಿನ ಸುತ್ತಿನ ಪ್ರಶ್ನಾವಳಿಗೆ ಒಂದು ಸಾಲು ಸೇರಿಸಿದೆ:
ನೀರು ಬರುವ ವಾರ, ನೀರು ಬರುವ ಗಂಟೆ, ಎರಡಂಕಿಯಲ್ಲಿ.
ಸಾಹೇಬರು ಬೇಡ ಎನ್ನಲಿಲ್ಲ. ಪೆನ್ನು ಎತ್ತಿ ಕೇಳಿದರು:
"ಮಂಗಳವಾರ ರಾತ್ರಿ ಎರಡು ಅಂದರೆ
ಮಂಗಳವಾರವೋ, ಬುಧವಾರವೋ?
ಎಲ್ಲರೂ ಒಂದೇ ಥರ ಬರೆಯಬೇಕಲ್ಲ."
ಪ್ರಶ್ನೆ ಸರಿಯಾಗಿತ್ತು.

ಗುಲ್ಶನ್‌ಗೆ ಫೋನು ಮಾಡಿದೆ. ಹಿಂದೆ ಬಸ್ಸಿನ ಸದ್ದು,
ಯಾರೋ ಚಿಲ್ಲರೆ ಕೇಳುತ್ತಿದ್ದರು.
"ಮಲಗದವರಿಗೆ ಇನ್ನೂ ಮಂಗಳವಾರವೇ ಮೇಡಂ."

ಕೈಪಿಡಿಗೆ ಹಾಗೆಯೇ ಸೇರಿಸಿದ್ದೇನೆ.
ಪುಟ ನಲವತ್ತೊಂದು, ಅಡಿಟಿಪ್ಪಣಿ ಮೂರು.