ಹೆಬ್ಬೆರಳ ಮೇಲಿನ ಮಬ್ಬು

ಪೋರ್ಟೊದ ಹಳೆಯ ಇಗರ್ಜಿ. ಗೋಡೆಯ ನೀಲಿ ಬಿಲ್ಲೆಗಳಲ್ಲಿ
ಸಂತನ ಹೆಬ್ಬೆರಳ ಮೇಲೆ ಒಂದು ಮಬ್ಬು.
ಮೂರು ಸಲ ಒರೆಸಿದೆ, ಸ್ಪಿರಿಟ್ ಹಚ್ಚಿ, ಹತ್ತಿ ಬದಲಿಸಿ.
ನಾಲ್ಕನೇ ಸಲ ಬಿಲ್ಲೆಯನ್ನೇ ಕಿತ್ತು ಹೊಸದು ಬರೆದೆ.
ಅದರ ಮೇಲೂ ಅದೇ,
ಹಾಲಿನ ಕೆನೆಗೆ ಬೂದಿ ಬಿದ್ದ ಹಾಗೆ.

ಗೂಡು ನೋಡಿಕೊಳ್ಳುವ ವಲೇರಿಯೊನನ್ನು ಬೈದೆ:
ಕುಡುಕ, ನಿನ್ನ ಹೊಗೆ ನನ್ನ ನೀಲಿಯನ್ನು ತಿನ್ನುತ್ತಿದೆ.
ಇಪ್ಪತ್ತೆರಡು ವರ್ಷದ ಗೆಳೆಯ. ಚಿಮಟ ಬಿಸಾಕಿ
ದೋರು ನದಿಯ ಕಡೆ ಇಳಿದುಹೋದ.

ಬಲಗಣ್ಣಿಗೆ ಸುಣ್ಣದ ಪುಡಿ ಸಿಡಿದು ಮುಚ್ಚಿಕೊಂಡ ದಿನ
ಗೋಡೆಯಲ್ಲಿ ಸಂತನೇ ಇರಲಿಲ್ಲ.

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿಯಂತೆ.
ನನ್ನ ಎಡಗಣ್ಣಿಗೆ ಗಾದೆಯಿಲ್ಲ. ಹೆಸರಿದೆ.
ಹನಿ ಬಿಟ್ಟು, ಪಾಪೆ ಹಿಗ್ಗಿಸಿ, ರಕ್ತದ ವರದಿ ಬಂದ ಮೇಲೆ
ಡಾಕ್ಟರ್ ಕಿತೇರಿಯ ದೀಪದ ಹಿಂದಿನಿಂದ ಹೇಳಿದರು:
ಸಿಫಿಲಿಸ್.

ಆಗುವುದಿಲ್ಲ, ಎಂದೆ. ಹನ್ನೊಂದು ವರ್ಷ
ಒಂದು ರಾತ್ರಿಯ ಮಾತ್ರೆ ತಪ್ಪಿಸಿಲ್ಲ.
ಎಚ್‌ಐವಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಿದ್ದೇನೆ,
ಪರೀಕ್ಷೆಗೂ ಸಿಗದಷ್ಟು ಅಡಗಿಸಿದ್ದೇನೆ.
ಮುಂಬಾಗಿಲು ಕಾದಿರಿ, ಎಂದರು. ಇದು ಹಿತ್ತಲಿಂದ ಬಂತು.
ಅಂಗೈಯಲ್ಲಿ ಕೆಂಪು ಚುಕ್ಕೆ ಎದ್ದಿತ್ತೇ?

ಎದ್ದಿತ್ತು. ಫೆಬ್ರವರಿಯಲ್ಲಿ. ಬಣ್ಣದ ಕಾಟ ಅಂದುಕೊಂಡೆ.
ನೋಯಲಿಲ್ಲ, ತುರಿಸಲಿಲ್ಲ, ತಾನೇ ಹೋಯಿತು.
ಹೋಗಲಿಲ್ಲ, ಎಂದರು ಆಕೆ.

ಬೆನ್ನಿನಿಂದ ನೀರು ತೆಗೆದರು.
ಹದಿನಾಲ್ಕು ದಿನ, ನಾಲ್ಕು ಗಂಟೆಗೊಮ್ಮೆ ಪೆನಿಸಿಲಿನ್.
ರಾತ್ರಿ ಎರಡಕ್ಕೆ ನರ್ಸಿನ ಚಪ್ಪಲಿಯ ಸದ್ದು,
ತೋಳಿನೊಳಗೆ ತಣ್ಣಗೆ ಏರುವ ಒಂದು ಗೆರೆ.
ವಲೇರಿಯೊ ಬಂದ, ಕಿತ್ತಳೆ ಸುಲಿದು ಕೊಟ್ಟ.
ತಪ್ಪು ಗೂಡಿನದಲ್ಲ, ಎಂದೆ.
ಉಳಿದದ್ದನ್ನು ಅವನು ಕೇಳಲಿಲ್ಲ, ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡ.

ಆಮೇಲೆ ಆ ಚೀಟಿ: ಯಾರಿಗೆಲ್ಲ ತಿಳಿಸಬೇಕು?
ಇಬ್ಬರು. ಒಬ್ಬನ ನಂಬರಿಲ್ಲ, ಹೆಸರೂ ಅರ್ಧ.
ಇನ್ನೊಬ್ಬ ಡೆಲ್ಫಿಮ್. ಬ್ರಾಗಾದಲ್ಲಿ ಬಸ್ ಓಡಿಸುತ್ತಾನೆ.
ಎರಡು ದಿನ ಫೋನನ್ನು ದಿಂಬಿನಡಿ ಇಟ್ಟೆ.

ಕೊನೆಗೆ ಹೇಳಿದೆ. ಆಚೆ
ಇಂಡಿಕೇಟರಿನ ಟಿಕ್, ಟಿಕ್.
ಬೈಗುಳಕ್ಕೆ ಕಿವಿಯೊಡ್ಡಿ ಕೂತೆ.

ಯಾವ ಕಣ್ಣು? ಕೇಳಿದ.
ಎಡ.
ನನಗೆ ಎರಡರಲ್ಲೂ ನೊಣ ಹಾರ್ತಿದೆ ಮಾರಾಯ, ಹತ್ತು ದಿನದಿಂದ.
ಗಾಜು ಒರೆಸಿ ಒರೆಸಿ ಸಾಕಾಯ್ತು.

ಬಸ್ಸನ್ನು ಬದಿಗೆ ಹಾಕು, ಎಂದೆ. ಈಗಲೇ.

ಬ್ರೇಕು ಉಸಿರು ಬಿಟ್ಟದ್ದು ಕೇಳಿಸಿತು.
ಹಿಂದಿನ ಸೀಟಿನಿಂದ ಯಾವುದೋ ಅಜ್ಜಿ ಕೇಳುತ್ತಿದ್ದಳು,
ಇದು ಯಾವ ಸ್ಟಾಪಪ್ಪಾ?